ಎಂಟನೆಯ ರೀಲಿನ ಮಾತು

ಮುಚ್ಚಳ ತೆಗೆದೆ. ಒಳಗೆ ಫಿಲ್ಮು ಇರಲಿಲ್ಲ, ಅರಳೆ ಇತ್ತು.

ಒತ್ತಿ ಒತ್ತಿ ತುಂಬಿದ ಅರಳೆ. ಬೆರಳು ಇಳಿಸಿದಾಗ ನಡುವೆ ಗಟ್ಟಿಯಾದದ್ದೇನೋ ತಾಕಿತು. ಹೊರಗೆ ತೆಗೆದೆ. ಅರ್ಧ ಇಟ್ಟಿಗೆ. ಡಬ್ಬಿ ಹಗುರಾಗಬಾರದೆಂದು ಯಾರೋ ವಿಚಾರ ಮಾಡಿ ಇಟ್ಟಿದ್ದರು.

"ಎಂಟನೇ ಡಬ್ಬ್ಯಾಗ ಏನೈತೊ ಹನಮಪ್ಪ?" ನೀಲಕಂಠಪ್ಪನವರು ಬಾಗಿಲಲ್ಲೇ ನಿಂತು ಕೇಳಿದರು. ಸತ್ಕಾರ ಸಮಿತಿಯ ಅಧ್ಯಕ್ಷರು ಅವರು. ಹುಬ್ಬಳ್ಳಿಯ ಅರಳೆ ಪೇಟೆಯಲ್ಲಿ ದೊಡ್ಡ ವ್ಯಾಪಾರಿ.

"ನಿಮ್ಮ ಮಾಲು ಐತ್ರಿ," ಎಂದೆ. ಬೇರೆ ಮಾತು ನನಗೆ ಹೊಳೆಯಲಿಲ್ಲ.

ಅವರು ನಗಲಿಲ್ಲ. ದೂರದಿಂದಲೇ ಕನ್ನಡಕ ಏರಿಸಿ ನೋಡಿದರು. "ಇದು ಪೇಟಿ ಅರಳಿ ಅಲ್ಲ. ಹಿಂಜಿದ್ದು. ಪಿಂಜಾರನ ಕೈಯಾಗಿಂದ ಬಂದದ್ದು."

ಪಿಂಜಾರ ಎಂಬ ಮಾತು ಕಿವಿಗೆ ಬಿದ್ದದ್ದೇ ನನ್ನ ಎದೆಯಲ್ಲಿ ಒಂದು ಸಣ್ಣ ಸಂತೋಷ ಎದ್ದಿತು. ಅದನ್ನು ಈಗ ಬರೆಯಲು ನಾಚಿಕೆಯಾಗುತ್ತದೆ. ಆದರೆ ಎದ್ದದ್ದು ಖರೆ.

ಅಂದು ಶುಕ್ರವಾರ. ರವಿವಾರ ಸಂಜೆ ಇದೇ ಟಾಕೀಜಿನಲ್ಲಿ ಬಾಳಕೃಷ್ಣಪಂತ ತೊರಗಲ್ಲರ ಸತ್ಕಾರ. ಹದಿನೇಳು ಚಿತ್ರ ತೆಗೆದ ಹಿರಿಯರು. ಹದಿನಾಲ್ಕು ಮೂಕಿ, ಮೂರು ಮಾತಿನವು. ಮೂಕಿಗಳ ಪೈಕಿ ‘ಆಚೆ ದಂಡೆ’ಯ ಒಂದೇ ಒಂದು ಪ್ರತಿ ಉಳಿದಿತ್ತು. ಪಂತರ ಕಣ್ಣಿಗೆ ಪೊರೆ ಬರುತ್ತಿತ್ತು. ಪೂರಾ ಮುಚ್ಚುವ ಮೊದಲು ಅದನ್ನು ಅವರಿಗೆ ಇನ್ನೊಮ್ಮೆ ತೋರಿಸಬೇಕೆಂಬುದೇ ಸಮಾರಂಭದ ಜೀವ. ಈಗ ಅದರ ಕೊನೆಯ ರೀಲು ಇಲ್ಲ.

ಡಬ್ಬಿಗಳ ಹೊಣೆ ನನ್ನದು. ನಾನು ರೈಲ್ವೆ ಪಾರ್ಸಲ್ ಆಫೀಸಿನ ಕಾರಕೂನ. ಮಂಗಳವಾರ ಕೊಲ್ಲಾಪುರದಿಂದ ಬಂದ ಎಂಟೂ ಡಬ್ಬಿಗಳನ್ನು ಸ್ಟೇಶನ್ನಿನಲ್ಲೇ ತೆರೆದು ನೋಡಿದ್ದೆ, ಮೂರು ಸಲ. "ಒಂದು ದಿವಸ ನನ್ನ ಮನ್ಯಾಗ ಇರಲಿ, ಮುಟ್ಟಿ ನೋಡತೇನಿ" ಎಂದು ಪಂತರು ಹೇಳಿಕಳಿಸಿದ್ದರಿಂದ ಧಾರವಾಡಕ್ಕೆ ಒಯ್ದೆ. ಬುಧವಾರ ಮರಳಿ ತಂದು ಟಾಕೀಜಿನ ಈ ಕೋಣೆಯಲ್ಲಿಟ್ಟು ಬೀಗ ಹಾಕಿದೆ. ಕೀಲಿ ನನ್ನ ಉಡಿದಾರದಲ್ಲೇ ಇತ್ತು. ಬುಧವಾರ ಮಾತ್ರ ಮುಚ್ಚಳ ತೆಗೆದು ನೋಡಲಿಲ್ಲ. ತೂಕ ಸರಿಯಿತ್ತು. ದೇವರ ಮನೆಯಿಂದ ಬಂದ ಸಾಮಾನನ್ನು ಯಾರು ತಪಾಸು ಮಾಡುತ್ತಾರೆ?

"ಬುಧವಾರ ಪಂತರ ಮನಿಯಾಗ ಮತ್ತ ಯಾರಿದ್ರು?" ಎಂದು ಕೇಳಿದರು ನೀಲಕಂಠಪ್ಪನವರು.

"ನಾ ಒಳಗ ಹೋಗೂ ಹೊತ್ತಿಗೆ ಒಬ್ಬಾಂವ ಹೊರಗ ಬರಾಕತ್ತಿದ್ದ್ರಿ. ಹೆಗಲ ಮ್ಯಾಲೆ ಅರಳಿ ಹಿಂಜೂ ಬಿಲ್ಲು ಇತ್ತು."

"ಇಮಾಮಹುಸೇನ?"

"ಹೌದ್ರಿ."

ಆ ಹೆಸರು ಮೂರು ವಾರದಿಂದ ನನಗೆ ಗಂಟಲಲ್ಲಿ ಸಿಕ್ಕ ಮೀನಿನ ಮುಳ್ಳಿನಂತಾಗಿತ್ತು.

ಮೂಕಿಯ ಕಾಲದಲ್ಲಿ ಪರದೆಯ ಮೇಲೆ ನಡುನಡುವೆ ಅಕ್ಷರ ಮೂಡುತ್ತಿದ್ದವು: ಯಾರು ಏನಂದರು, ಮುಂದೆ ಏನಾಯಿತು. ಚಿತ್ರ ತೋರಿಸುವ ಡೇರೆಯಲ್ಲಿ ಕೂತವರಲ್ಲಿ ನೂರಕ್ಕೆ ತೊಂಬತ್ತು ಮಂದಿಗೆ ಓದು ಬರುತ್ತಿರಲಿಲ್ಲ. ಅದಕ್ಕೆಂದು ಪರದೆಯ ಪಕ್ಕ ಒಬ್ಬನು ನಿಂತು ಅವನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದ. ಹುಬ್ಬಳ್ಳಿಯ ಡೇರೆಯಲ್ಲಿ ಆ ಕೆಲಸ ಇಮಾಮಹುಸೇನನದು. ಹಗಲು ಗಾದಿ ಹಿಂಜುವುದು, ಸಂಜೆ ಪಂತರ ಚಿತ್ರ ಓದುವುದು. ರವಿವಾರ ಅವನೇ ವೇದಿಕೆಯ ಮೇಲೆ ನಿಂತು ‘ಆಚೆ ದಂಡೆ’ಯನ್ನು ಓದಬೇಕೆಂದು ಸಮಿತಿ ನಿಶ್ಚಯಿಸಿತ್ತು. ನಾನು ಎರಡು ತಿಂಗಳು ಕೂತು ಬರೆದ ಮಾನಪತ್ರಕ್ಕೆ ಐದು ನಿಮಿಷ. ಅವನ ಗಂಟಲಿಗೆ ಎರಡು ತಾಸು.

ಹದಿನೇಳು ಚಿತ್ರಗಳ ಪಟ್ಟಿ ಇಟ್ಟವನು ನಾನು. ಯಾವುದು ಯಾವ ಊರಲ್ಲಿ ಎಷ್ಟು ದಿನ ನಡೆಯಿತು, ಎಷ್ಟು ರೀಲು, ನಟರು ಯಾರು, ಎಲ್ಲ ನನ್ನ ವಹಿಯಲ್ಲಿದೆ. ಹಂಚಿದ ಜಾಹೀರಾತಿನ ಕಾಗದಗಳನ್ನು ಚರಂಡಿಯಿಂದ ಆರಿಸಿ ತೊಳೆದು ಒಣಗಿಸಿ ಅಂಟಿಸಿದ್ದೇನೆ. ಆದರೂ ಪಂತರ ಹೆಸರು ಬಂದರೆ ಜನ ಮೊದಲು ಕೇಳುವುದು, "ಇಮಾಮಸಾಬ ಈಗ ಎಲ್ಲಿದಾನ?"

ಅರಳೆಯನ್ನು ಮತ್ತೆ ಕೆದಕಿದೆ. ಇಟ್ಟಿಗೆಯ ಕೆಳಗೆ ನಾಲ್ಕು ಮಡಿಕೆಯ ಚೀಟಿ ಸಿಕ್ಕಿತು. ಪೆನ್ಸಿಲ್ಲಿನಲ್ಲಿ ಎರಡು ಸಾಲು.

‘ಕೊನೆಯ ರೀಲು ತೋರಿಸಬೇಡಿರಿ. ಆಚೆ ದಂಡೆ ಕಾಣದಿರುವುದೇ ಲೇಸು.’

ಕವಡೆಯಷ್ಟು ದೊಡ್ಡ ಅಕ್ಷರ. ಸಾಲು ನೆಟ್ಟಗಿರದೆ ಮೇಲಕ್ಕೆ ಏರಿ ಹೋಗಿತ್ತು. ಕೊನೆಯ ಅಕ್ಷರ ಅಂಚಿಗೆ ಬಂದು ಅರ್ಧ ಕಾಗದದ ಹೊರಗೇ ಉಳಿದಿತ್ತು.

"ಸಾಲಿ ಕಲೀದವನ ಕೈ," ಎಂದರು ನೀಲಕಂಠಪ್ಪನವರು.

"ಹಂಗ ಕಾಣತೈತ್ರಿ," ಎಂದೆ. ಇನ್ನೊಮ್ಮೆ ನೋಡಬೇಕಾಗಿತ್ತು. ನೋಡಲಿಲ್ಲ.

"ಫೌಜದಾರ ಯಜ್ಞೇಶ್ವರರಾಯರಿಗೆ ಒಂದು ಅರ್ಜಿ ಬರಿ. ಯಾರ ಮ್ಯಾಲೆ ಸಂಶಯ ಐತಿ, ಹೆಸರು ಹಾಕು. ನಿನ್ನ ಸಹಿ ಹಾಕು."

ಬರೆದೆ. ನನ್ನ ಅಕ್ಷರ ಛಲೋ ಇವೆ ಎಂದು ಆಫೀಸಿನಲ್ಲಿ ಎಲ್ಲರೂ ಅನ್ನುತ್ತಾರೆ. ‘ಇಮಾಮಹುಸೇನ ಪಿಂಜಾರ, ಸಾ. ರಾಯಾಪುರ’ ಎಂಬುದನ್ನು ಮಾನಪತ್ರಕ್ಕಿಂತ ಚೆಂದಾಗಿ ಬರೆದೆ.

ಆಮೇಲೆ ಹೆದರಿಕೆಯಾಯಿತು. "ಮೊದಲು ನಾನ ಹೋಗಿ ಕೇಳತೇನ್ರಿ. ಪೋಲೀಸರನ್ನ ಕಂಡು ಅಂವ ರೀಲು ಸುಟ್ಟನಂದ್ರ? ಫಿಲ್ಮು ಕಡ್ಡೀಪೆಟಗಿಕಿಂತ ಲಗೂ ಹತ್ತತೈತಿ."

ಅವರು ಗಡಿಯಾರ ನೋಡಿದರು. "ಹನ್ನೆರಡಕ್ಕ ಅರ್ಜಿ ಕಳಸ್ತೇನಿ. ಅಷ್ಟರಾಗ ಏನು ಮಾಡ್ತಿ ಮಾಡು."

*

ಇದ್ದಿಲಿನ ಗ್ಯಾಸಿನ ಬಸ್ಸು ಉಣಕಲ್ಲಿನ ಏರಿನಲ್ಲಿ ನಿಂತೇ ಬಿಟ್ಟಿತು. ಯುದ್ಧ ಶುರುವಾದಾಗಿನಿಂದ ಪೆಟ್ರೋಲು ಕಾಣದ ಬಸ್ಸು ಅದು. ಎಲ್ಲರೂ ಇಳಿದು ನೂಕಿದೆವು.

ಒಬ್ಬ ಮುದುಕಿ ಇಳಿಯಲು ತಡಮಾಡಿದಳು. ಕಂಡಕ್ಟರು ಕೈ ಹಿಡಿದು ಇಳಿಸಿ, "ದಾಟಸೂದು ನನ್ನ ಕೆಲಸ ಆಯಿ, ತಿರುಗಿ ನೋಡೂದು ನಿಂದು," ಎಂದ. ಸುತ್ತಲಿನವರು ನಕ್ಕರು.

ಅದು ‘ಆಚೆ ದಂಡೆ’ಯ ಮಾತು. ಕೊನೆಯ ರೀಲಿನದು. ಹರಗೋಲು ಹಾಕುವವನ ಹೆಂಡತಿ ಅವನನ್ನು ಬಿಟ್ಟು ಹೋಗುತ್ತಾಳೆ. ಹೊಳೆ ದಾಟಲು ಬೇರೆ ಹರಗೋಲಿಲ್ಲ. ಅವನೇ ಅವಳನ್ನು ಕೂಡ್ರಿಸಿಕೊಂಡು ಆಚೆ ದಂಡೆಗೆ ಮುಟ್ಟಿಸುತ್ತಾನೆ. ಅವಳು ಇಳಿಯುವಾಗ ಈ ಮಾತು.

ಈ ಮಾತು ಗೊತ್ತಿಲ್ಲದವರು ಹುಬ್ಬಳ್ಳಿ-ಧಾರವಾಡದಲ್ಲಿ ಇಲ್ಲ. ಮದುವೆ ಮನೆಯಲ್ಲಿ ಮಗಳನ್ನು ಕಳಿಸುವಾಗ ಹೇಳುತ್ತಾರೆ, ಸ್ಟೇಶನ್ನಿನಲ್ಲಿ ಹೇಳುತ್ತಾರೆ. ಪಂತರು ಯಾವ ಸಭೆಗೆ ಹೋದರೂ ಜನ ಇದನ್ನೇ ಹೇಳಿಸುತ್ತಾರೆ. ನನ್ನ ಮಾನಪತ್ರ ಇದರಿಂದಲೇ ಶುರುವಾಗುತ್ತದೆ. ‘ಉಳಿದೆಲ್ಲ ಕಡೆ ಗ್ರಂಥದ ಭಾಷೆ ಬರೆದ ಪಂತರು ಇದೊಂದು ಮಾತನ್ನು ಮಾತ್ರ ಜನರ ಬಾಯಿಂದ ಎತ್ತಿಕೊಂಡರು, ಇದೇ ಅವರ ಕಲೆಯ ಶಿಖರ’ ಎಂದು ಬರೆದಿದ್ದೆ. ಐದುನೂರು ಪ್ರತಿ ಅಚ್ಚಾಗಿ ಬಂದಿದ್ದವು.

ಕಂಡಕ್ಟರು ಆ ಮಾತು ಹೇಳಿದ್ದು ಇಮಾಮಹುಸೇನನ ಧಾಟಿಯಲ್ಲಿ, ‘ನಿಂದು’ ಎನ್ನುವಾಗ ದನಿ ಇಳಿಸಿ. ಅದನ್ನೂ ನನಗೆ ಸಹಿಸಲಾಗಲಿಲ್ಲ.

*

ರಾಯಾಪುರದಲ್ಲಿ ಅವನ ಮನೆ ರಸ್ತೆಗೆ ಹತ್ತಿಕೊಂಡೇ ಇತ್ತು. ಮುಂದಿನ ಪಡಸಾಲೆಯಲ್ಲಿ ಹಿಂಜುವ ಕೆಲಸ. ಬಾಗಿಲಿಗೆ ಗೋಣಿತಟ್ಟಿನ ಪರದೆ. ಬಿಲ್ಲಿನ ತಂತಿಯ ಠೊಂಯ್ ಠೊಂಯ್ ಸಪ್ಪಳ ರಸ್ತೆಗೇ ಕೇಳುತ್ತಿತ್ತು.

"ಬರ್ರಿ ಹನಮಪ್ಪ." ಅವನು ಬಿಲ್ಲು ಕೆಳಗಿಟ್ಟ. ಹುಬ್ಬು, ಮೀಸೆ, ಗಡ್ಡ, ಎಲ್ಲದಕ್ಕೂ ಅರಳೆ ಹತ್ತಿತ್ತು. "ಆ ಕಡೆ ಕೂಡ್ರಿ. ಇಲ್ಲಿ ಕೂತ್ರ ನಿಮ್ಮ ಕೋಟು ನನ್ನ ಗಡ್ಡ ಆಗತೈತಿ."

"ಪಂತರ ಭಕ್ತರು ಇಬ್ಬರೂ ಕೂಡಿದ್ರಿ ಅಂದ್ರ ನನ್ನ ಚಾ ಆರಿ ಹೋಗೂದ," ಎಂದು ಒಳಗಿನಿಂದ ಅವನ ಹೆಂಡತಿ ಶಹಜಹಾನಬೇಗಂ ಅಂದಳು. "ಮೊದಲು ಕುಡೀರಿ, ಆಮ್ಯಾಲೆ ಜಗಳಾಡ್ರಿ."

ನೇರವಾಗಿ ಕೇಳುವ ಧೈರ್ಯ ಬರಲಿಲ್ಲ. ಯಾವಾಗಲೂ ಮಾಡುವಂತೆ ಅವನ ಪರೀಕ್ಷೆಗೆ ಇಳಿದೆ.

"‘ಎರಡು ಬಾವಿ’ಗೆ ಎಷ್ಟು ರೀಲು, ಸಾಬ್ರ?"

"ರೀಲು ನಾ ಎಣಿಸಿಲ್ಲಪ್ಪ."

"ಏಳು. ಬೆಳಗಾವ್ಯಾಗ ಹನ್ನೊಂದು ದಿನ ಓಡೇತಿ."

"ಇರಬೇಕು." ಅವನು ಚಹದ ಬಟ್ಟಲು ಊದಿದ. "ಅದರಾಗ ಮುದುಕಿ ಕೊಡ ಇಳಸ್ತಾಳಲ್ಲ, ಆವಾಗ ಹಗ್ಗದ ನೆಳ್ಳು ಆಕಿ ಕೊಳ್ಳಾಗ ಬೀಳತೈತಿ, ತಾಳಿ ಇದ್ದಂಗ. ಗಂಡ ಸತ್ತಾಕಿ. ಪಂತರು ಅದನ್ನ ಯಾರಿಗೂ ಹೇಳಿಲ್ಲ, ಒಂದ ಅಕ್ಷರ ಬರದಿಲ್ಲ. ನೋಡಿದವರು ನೋಡಿದ್ರು."

ನಾನು ಆ ಚಿತ್ರವನ್ನು ಒಂಬತ್ತು ಸಲ ನೋಡಿದ್ದೇನೆ. ಆ ನೆರಳನ್ನು ನೋಡಿಲ್ಲ.

ಜೇಬಿನಿಂದ ಅರಳೆಯ ಮುದ್ದೆ ತೆಗೆದು ಅವನ ಮುಂದೆ ಇಟ್ಟೆ.

"ಎಂಟನೇ ಡಬ್ಬ್ಯಾಗ ರೀಲಿಲ್ಲ. ಇದು ಇತ್ತು."

ಅವನು ಬಟ್ಟಲು ಕೆಳಗಿಟ್ಟ. "‘ಆಚೆ ದಂಡೆ’ದ್ದು?"

"ಬುಧವಾರ ಪಂತರ ಮನಿಯಿಂದ ನೀವು ಬಿಲ್ಲು ಹೊತಗೊಂಡು ಹೊಂಟದ್ದು ನಾ ನೋಡೇನಿ. ಅರಳಿ ಪಿಂಜಾರನದು. ವೇದಿಕೆ ಮ್ಯಾಲೆ ಓದಂದ್ರ ನೀವು ಮೂರು ಸಲ ಒಲ್ಲೆ ಅಂದ್ರಿ, ನೀಲಕಂಠಪ್ಪನವರ ಬಂದು ಕೈ ಹಿಡದ ಮ್ಯಾಲೆ ಒಪ್ಪಿದ್ರಿ. ಯಾಕ ಒಲ್ಲೆ ಅಂದ್ರಿ?"

ಅವನು ಅರಳೆಯನ್ನು ಎತ್ತಿಕೊಂಡ. ಎರಡು ಬೆರಳಲ್ಲಿ ಎಳೆದ, ಮೂಗಿಗೆ ಹಿಡಿದ. ಬೆಳಕಿಗೆ ತಿರುಗಿಸಿದ.

"ಇದು ಹೊಸಾ ಅರಳಿ ಅಲ್ಲ. ಹಳೇ ಗಾದಿ ಬಿಚ್ಚಿ ಹಿಂಜಿದ್ದು. ಹದಿನೈದು ಇಪ್ಪತ್ತು ವರ್ಷ ಮನಿಶ್ಯಾ ಮಲಗಿದ ಅರಳಿ, ಎಳಿ ಎಷ್ಟು ಗಿಡ್ಡ ನೋಡ್ರಿ. ಕೈ ನಂದ ಐತಿ, ಸುಳ್ಳು ಹೇಳೂದಿಲ್ಲ." ಎಳೆಗಳ ನಡುವೆ ಒಂದು ಕೆಂಪು ದಾರದ ತುಂಡು ಸಿಕ್ಕಿತು. ಅದನ್ನು ಮಾತ್ರ ಅವನು ಕೆಳಗೆ ಹಾಕದೆ ಬೆರಳ ನಡುವೆ ಹಿಡಿದುಕೊಂಡ.

"ಯಾರ ಗಾದಿ?"

"ತಿಂಗಳಿಗೆ ಎಷ್ಟೋ ಗಾದಿ ಹಿಂಜತೇನಿ."

"ಅಯ್ಯ, ಈ ತಿಂಗಳು ಎಲ್ಲಾ ಹೊಸಾವ ಬಂದಾವಲ್ರಿ," ಎಂದಳು ಶಹಜಹಾನಬೇಗಂ, ಬಟ್ಟಲು ತೆಗೆದುಕೊಳ್ಳಲು ಬಂದವಳು. "ಹಳೇದು ಅಂದ್ರ ಅದೊಂದ, ಕೆಂಪು ಗೀರಿಂದು, ಧಾರವಾಡದಾಗ..."

"ನೀ ಒಳಗ ಹೋಗು."

ಅವಳು ಗಂಡನ ಮುಖ ನೋಡಿ ಒಳಗೆ ಹೋದಳು. ಅವನು ಹೆಂಡತಿಗೆ ದನಿ ಏರಿಸಿದ್ದನ್ನು ನಾನು ಅಂದೇ ಮೊದಲು ಕೇಳಿದ್ದು.

ಧಾರವಾಡ ಎಂಬ ಮಾತಿನ ಮೇಲೆ ನಾನು ನಿಲ್ಲಬೇಕಾಗಿತ್ತು. ಆದರೆ ನನಗೆ ಅವನ ಅಂಜಿಕೆ ಮಾತ್ರ ಕಂಡಿತು. ಸಿಕ್ಕಿಬಿದ್ದ ಎಂದುಕೊಂಡೆ. ಚೀಟಿ ತೆಗೆದು ಅವನ ಕೈಯಲ್ಲಿಟ್ಟೆ.

"ಇದನ್ನ ಓದ್ರಿ. ಡೇರೆದಾಗ ಓದತಿದ್ರಲ್ಲ, ಹಂಗ ಗಟ್ಟಿಯಾಗಿ ಓದ್ರಿ."

ಅವನು ಚೀಟಿಯನ್ನು ತೋಳುದ್ದ ಹಿಡಿದ. ಪರದೆ ನೋಡುವಂತೆ ನೋಡಿದ.

"ಕನ್ನಡಕ ಇಲ್ಲ."

"ಕನ್ನಡಕ ಯಾವಾಗ ಇತ್ತರಿ ನಿಮಗ?" ಒಳಗಿನಿಂದ ಬಂದ ದನಿಯಲ್ಲಿ ಸಿಟ್ಟು ಇನ್ನೂ ಇತ್ತು.

ಪಡಸಾಲೆಯಲ್ಲಿ ಅರಳೆಯ ಧೂಳು ತೇಲುತ್ತಿತ್ತು. ಅವನು ಚೀಟಿಯನ್ನು ಮೆಲ್ಲಗೆ ನನಗೆ ಮರಳಿ ಕೊಟ್ಟ.

"ಓದಾಕ ಬರೂದಿಲ್ಲ ಹನಮಪ್ಪ."

"ಏನಂದ್ರಿ?"

"ಅಕ್ಷರ ಬರೂದಿಲ್ಲ. ಎಂದೂ ಬಂದಿಲ್ಲ. ಮಶೀನ ನಡಸ್ತಿದ್ದನಲ್ಲ ಶರೀಫಸಾಬ, ಅಂವ ಮುಂಜಾನಿ ರೀಲು ಬಿಚ್ಚಿ ಒಂದೊಂದ ಓದಿ ಹೇಳತಿದ್ದ. ನಾ ಕೇಳಿ ಬಾಯಿಪಾಠ ಮಾಡತಿದ್ದೆ. ಯಾವ ಮಾರಿ ಬಂದ್ರ ಯಾವ ಮಾತು, ಅಷ್ಟ. ಅಂವ ಸತ್ತು ಎಂಟು ವರ್ಷ ಆತು. ರವಿವಾರ ನಾ ಏನ ಓದ್ಲಿ? ಅದಕ್ಕ ಒಲ್ಲೆ ಅಂದೆ. ಈಗಿನ ಮಂದಿಗೆ ಓದಾಕ ಬರತೈತಿ."

ಮೊದಲು ನನಗೆ ಬಂದದ್ದು ಗೆಲುವು. ಇಡೀ ಜಿಲ್ಲೆ ತಲೆಯ ಮೇಲೆ ಹೊತ್ತುಕೊಂಡ ಓದುಗನಿಗೆ ಓದು ಬರುವುದಿಲ್ಲ. ಇದನ್ನು ಯಾರಿಗೆ ಮೊದಲು ಹೇಳಲಿ ಎಂದು ಮನಸ್ಸು ಆಗಲೇ ಹೊರಟಿತ್ತು.

"ಹಂಗಾದ್ರ ಮಂದೀಗೆ ಇಷ್ಟು ವರ್ಷ ಮೋಸ ಮಾಡಿದ್ರಿ."

"ಒಂದ ಸಲ ಮಾಡೇನಿ," ಎಂದ ಅವನು. "‘ಆಚೆ ದಂಡೆ’ ಬಂದಾಗ ಏಳು ರೀಲು ಮುಂಜಾನಿ ಗಾಡಿಗೆ ಬಂದ್ವು. ಎಂಟನೇದು ಸಂಜೀ ಗಾಡಿಗೆ ಬಂತು. ಅಷ್ಟರಾಗ ಆಟ ಶುರು ಆಗಿತ್ತು. ಶರೀಫಸಾಬಗ ಓದಿ ಹೇಳಾಕ ಪುರಸೊತ್ತು ಸಿಗಲಿಲ್ಲ. ನಾನೂ ಮಂದೀ ಜೋಡಿ ಅದನ್ನ ಮೊದಲನೇ ಸಲ ನೋಡಾಕತ್ತಿದ್ದೆ. ಆಕಿ ದಂಡಿಗೆ ಇಳದ್ಳು. ಅಂವ ಹರಗೋಲದಾಗ ಕೂತು ನೋಡಿದ. ಆಮ್ಯಾಲೆ ಅಕ್ಷರ ಬಂದ್ವು. ಡೇರೇದಾಗಿನ ಮಂದಿ ಎಲ್ಲಾ ನನ್ನ ಕಡೆ ತಿರುಗಿದ್ರು. ಏನರ ಹೇಳಬೇಕಲ್ಲ?"

"ಏನ ಹೇಳಿದ್ರಿ?" ಎಂದೆ.

"ಹೇಳಿದೆ. ನನಗ ಆ ಹೊತ್ತಿಗೆ ಹೊಳದದ್ದು."

"ದಾಟಸೂದು ನನ್ನ ಕೆಲಸ," ಎಂದೆ ನಾನು.

"ಹೌದು. ಅದು."

"ಪರದಿ ಮ್ಯಾಲೆ ಏನ ಬರದಿತ್ತು?"

"ಮರುದಿವಸ ಶರೀಫಸಾಬ ಓದಿ ಹೇಳಿದ. ‘ಪತಿಯು ಶೋಕಸಾಗರದಲ್ಲಿ ಮುಳುಗಿದನು.’" ಅವನಿಗೆ ನಗು ಬಂತು, ತಡೆದುಕೊಂಡ. "ಹರಗೋಲು ಮುಳುಗಿದ್ರ ನಡೀತಿತ್ತು. ಅಂವ ಛಲೋ ಕೂತಿದ್ದ."

ನಾನು ನಗಲಿಲ್ಲ. ಆ ಡೇರೆಯಲ್ಲಿ ಆ ದಿನ ನಾನಿದ್ದೆ. ಹದಿಮೂರು ವರ್ಷ ನನಗೆ. ಹಮಾಲಿ ಮಾಡುವ ಅಪ್ಪನ ಜೊತೆ ಹೋಗಿದ್ದೆ. ಕಣ್ಣೀರು ಬಂದಿತ್ತು, ಅಪ್ಪ ಬೈದಿದ್ದ. ನನಗೂ ಆಗ ಅಕ್ಷರ ಬರುತ್ತಿರಲಿಲ್ಲ. ಪಂತರ ಮುಂದಿನ ಚಿತ್ರವನ್ನು ಇನ್ನೊಬ್ಬರ ಬಾಯಿಂದಲ್ಲ, ನನ್ನ ಕಣ್ಣಿಂದ ಓದಬೇಕೆಂದೇ ಹಗಲು ಮೂಟೆ ಹೊತ್ತು ಸಂಜೆ ಸಾಲೆಗೆ ಸೇರಿದೆ. ನಾನು ಓದು ಕಲಿಯುವ ಹೊತ್ತಿಗೆ ಮಾತಿನ ಚಿತ್ರಗಳು ಬಂದವು.

ನನ್ನ ಓದು, ನನ್ನ ನೌಕರಿ, ನನ್ನ ಮಾನಪತ್ರ, ಎಲ್ಲ ಆ ಒಂದು ಮಾತಿನಿಂದ ಹುಟ್ಟಿದ್ದವು. ಅದು ಪಂತರದಲ್ಲ. ಎದುರಿಗೆ ಗಡ್ಡದಲ್ಲಿ ಅರಳೆ ಸಿಕ್ಕಿಸಿಕೊಂಡು ಕೂತವನದು. ಅವನ ಮೇಲಿನ ಹೊಟ್ಟೆಕಿಚ್ಚು ಇಷ್ಟು ದಿನ ಬೆಂಕಿಯಾಗಿತ್ತು. ಈಗ ಅದಕ್ಕೆ ಹೆಸರೇ ಸಿಗಲಿಲ್ಲ.

"ಪಂತರಿಗೆ ಗೊತ್ತಿತ್ತೇನು?"

"ನಾಕನೇ ದಿವಸ ಡೇರೆಕ್ಕ ಬಂದಿದ್ರು. ಹಿಂದ ನಿಂತು ಕೇಳಿದ್ರು. ಆಟ ಮುಗದ ಮ್ಯಾಲೆ ಬಂದು ನನ್ನ ಹೆಗಲ ಮ್ಯಾಲೆ ಕೈ ಇಟ್ರು." ಅವನು ತನ್ನ ಎಡ ಹೆಗಲನ್ನು ಮುಟ್ಟಿಕೊಂಡ. "‘ಇನ್ನ ಮ್ಯಾಲೆ ಎಲ್ಲಾ ಊರಾಗೂ ಹಂಗ ಹೇಳಪಾ’ ಅಂದ್ರು. ಅಷ್ಟ ಸಾಕಲ್ಲ ಮನಿಶ್ಯಾಗ. ಮಾತು ಯಾರದಾದ್ರ ಏನು? ಆ ಹರಗೋಲು, ಆ ಹೊಳಿ, ಆಕೀ ಮಾರಿ ತೋರಿಸಿದವರು ಅವರು. ಅವನ್ನ ನೋಡಿರದಿದ್ರ ನನಗೆಲ್ಲಿ ಹೊಳೀತಿತ್ತು?"

ಪಂತರು ನನ್ನ ಹೆಗಲ ಮೇಲೆ ಎಂದೂ ಕೈ ಇಟ್ಟಿಲ್ಲ.

ಕೈಯಲ್ಲಿದ್ದ ಚೀಟಿಯನ್ನು ಮತ್ತೆ ನೋಡಿದೆ. ಇವನಿಗೆ ಬರೆಯಲು ಬರುವುದಿಲ್ಲ ಎಂದಮೇಲೆ ಇದು ಯಾರ ಕೈ?

ಹೊಸದಾಗಿ ಕಲಿತವರು ಹೇಗೆ ಬರೆಯುತ್ತಾರೆಂಬುದು ನನಗೆ ಗೊತ್ತು. ಸಂಜೆ ಸಾಲೆಯಲ್ಲಿ ನಾಲ್ಕು ವರ್ಷ ಅಂಥವರ ನಡುವೆ ಕೂತವನು ನಾನು. ಪೆನ್ಸಿಲ್ಲು ಒತ್ತಿ ಒತ್ತಿ ಕಾಗದದ ಹಿಂದೆ ಮೂಡುತ್ತದೆ. ಒತ್ತಕ್ಷರ ಬಂದಲ್ಲಿ ಕೈ ನಿಲ್ಲುತ್ತದೆ. ಮತ್ತು ಬಾಯಲ್ಲಿ ಬಂದಂತೆ ಬರೆಯುತ್ತಾರೆ. ‘ಬ್ಯಾಡ್ರಿ’ ಎಂದೇ ಬರೆಯುತ್ತಾರೆ. ಮಾಸ್ತರರು ಹೊಡೆದು ‘ಬೇಡಿರಿ’ ಕಲಿಸಬೇಕು.

ಇಲ್ಲಿ ‘ತೋರಿಸಬೇಡಿರಿ’ ಇತ್ತು. ‘ಕಾಣದಿರುವುದೇ ಲೇಸು’ ಇತ್ತು. ಕಾಗದವನ್ನು ಹಿಂದೆ ತಿರುಗಿಸಿ ಬೆರಳಾಡಿಸಿದೆ. ನುಣುಪಾಗಿತ್ತು. ಕೈ ಎಲ್ಲೂ ತಡೆದಿರಲಿಲ್ಲ. ಜೀವಮಾನವಿಡೀ ಬರೆದು ಪಳಗಿದ ಕೈ. ಅಕ್ಷರ ದೊಡ್ಡದಾದದ್ದು, ಸಾಲು ಏರಿದ್ದು, ಕೊನೆಯ ಅಕ್ಷರ ಕಾಗದದ ಹೊರಗೆ ಹೋದದ್ದು ಬರೆಯಲು ಬಾರದೆ ಅಲ್ಲ.

ಬರೆದವರಿಗೆ ಕಾಗದದ ಅಂಚು ಕಂಡಿರಲಿಲ್ಲ.

ತಲೆ ಎತ್ತಿದೆ. ಇಮಾಮಹುಸೇನ ಆ ಕೆಂಪು ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದ. ಕೆಂಪು ಗೀರಿನ ಹಳೆಯ ಗಾದಿ. ಧಾರವಾಡದ್ದು. ಬುಧವಾರ ಬಿಲ್ಲು ಹೊತ್ತು ಅವನು ಹೋಗಿದ್ದು ಅದನ್ನು ಹಿಂಜಲಿಕ್ಕೆ. ಅವನಿಗೆ ನನಗಿಂತ ಮೊದಲೇ ತಿಳಿದಿತ್ತು. ಅರಳೆ ಮೂಗಿಗೆ ಹಿಡಿದಾಗಲೇ.

ರವಿವಾರ ಓದು ಬಲ್ಲ ಐದುನೂರು ಮಂದಿ, ಕೈಯಲ್ಲಿ ನನ್ನ ಮಾನಪತ್ರ ಹಿಡಿದು, ಆ ಮಾತಿಗಾಗಿ ಪರದೆ ನೋಡುತ್ತಾರೆ. ಪರದೆಯ ಮೇಲೆ ಶೋಕಸಾಗರ ಬರುತ್ತದೆ. ಹದಿನಾರು ವರ್ಷ ತಮ್ಮದೆಂದು ಒಪ್ಪಿಕೊಂಡ ಮಾತು ಒಬ್ಬ ಪಿಂಜಾರನದೆಂದು ಆ ದಿನವೇ ತಿಳಿಯುತ್ತದೆ. ಅದಕ್ಕಿಂತ ರೀಲೇ ಇಲ್ಲದಿದ್ದರೆ ಒಳ್ಳೆಯದು ಎಂದು ಒಬ್ಬರಿಗೆ ಅನಿಸಿತ್ತು. ಕಲೆಯ ಶಿಖರ ಎಂದು ಅಚ್ಚು ಹಾಕಿಸಿ ಅವರನ್ನು ಆ ಅಂಚಿಗೆ ನೂಕಿದವನು ನಾನೇ.

"ಸಾಬ್ರ..." ಎಂದೆ.

"ಏನೂ ಅನಬ್ಯಾಡ್ರಿ," ಎಂದ ಅವನು ಸಣ್ಣ ದನಿಯಲ್ಲಿ. "ಬಾಯಿಗೆ ಬಂದ್ರ ಖರೇ ಆಗತೈತಿ."

ಪಂತರ ಚಿತ್ರಗಳಲ್ಲಿ ಮನುಷ್ಯನ ಮುಖ ಬರುವ ಮೊದಲು ಅವನ ಕಾಲು ಬರುತ್ತದೆ. ನನ್ನ ವಹಿಯ ಮೊದಲ ಪುಟದಲ್ಲೇ ಅದನ್ನು ಬರೆದಿಟ್ಟಿದ್ದೇನೆ. ಗೋಣಿತಟ್ಟಿನ ಕೆಳಗೆ ಈಗ ಎರಡು ಬೂಟು ಕಂಡವು. ಅವುಗಳ ಹಿಂದೆ ಇನ್ನೆರಡು.

ಫೌಜದಾರ ಯಜ್ಞೇಶ್ವರರಾಯರು ಪರದೆ ಸರಿಸಿ ಒಳಗೆ ಬಂದರು. ಹಿಂದೆ ಒಬ್ಬ ಪೋಲೀಸ. ಅವರ ಕೈಯಲ್ಲಿ ನನ್ನ ಅರ್ಜಿ, ನನ್ನ ಚೆಂದದ ಅಕ್ಷರ.

"ಇಮಾಮಹುಸೇನ ಅಂದ್ರ ನೀನ? ಈ ಹನಮಪ್ಪ ನಿನ್ನ ಹೆಸರು ಬರದು ಕೊಟ್ಟಾನ. ನಿನ್ನ ಮ್ಯಾಲೆ ಸಂಶಯ ಅದ ಅಂತ."

ಇಮಾಮಹುಸೇನ ಅರ್ಜಿಯನ್ನು ನೋಡಿದ, ಅವನಿಗೆ ಏನೂ ಹೇಳದ ಆ ಅಕ್ಷರಗಳನ್ನು. ಆಮೇಲೆ ನನ್ನನ್ನು. ಸಿಟ್ಟು ಬರುತ್ತದೆಂದುಕೊಂಡೆ. ಬರಲಿಲ್ಲ.

"ಸಾಹೇಬ್ರ, ಅದು ತಪ್ಪು..." ಎಂದು ನಾನು ಎದ್ದೆ.

"ಏನು ತಪ್ಪು? ನೀ ಬರದದ್ದು ಹೌದಲ್ಲೊ? ಇವನಲ್ಲಂದ್ರ ಮತ್ತ ಯಾರು, ಹೇಳು."

ಹೆಸರು ನಾಲಗೆಯ ಮೇಲಿತ್ತು. ಹದಿನಾರು ವರ್ಷ ಜಪ ಮಾಡಿದ ಹೆಸರು. ಅದನ್ನು ಫೌಜದಾರರ ಕಿವಿಗೆ ಹಾಕುವುದು ಹೇಗೆಂದು ತಿಳಿಯದೆ ನಿಂತೆ.

"ಅವರನ್ನ ಯಾಕ ಕೇಳ್ತೀರಿ ಸಾಹೇಬ್ರ?" ಇಮಾಮಹುಸೇನ ಎದ್ದು ಮೈಮೇಲಿನ ಅರಳೆ ಕೊಡವಿದ. ಡೇರೆಯಲ್ಲಿದ್ದ ದನಿ ಅದು, ಹಿಂದಿನ ಸಾಲಿಗೂ ಕೇಳುವ ದನಿ. "ರೀಲು ನಾನ ತಗೊಂಡೇನ್ರಿ."

ಒಳಗೆ ಬಟ್ಟಲು ಬಿದ್ದು ಉರುಳಿದ ಸಪ್ಪಳವಾಯಿತು.

ಪಂತರಿಗಾಗಿ ನಾನು ಏನು ಮಾಡಿದ್ದೆ? ಪಟ್ಟಿ ಬರೆದಿದ್ದೆ. ಕಾಗದ ಅಂಟಿಸಿದ್ದೆ. ಇವನು ಒಂದು ಉಸಿರಿನಲ್ಲಿ ತನ್ನನ್ನೇ ಕೊಟ್ಟುಬಿಟ್ಟ. ಆ ಗಳಿಗೆಯಲ್ಲೂ ನನಗೆ ಮೊದಲು ಅನಿಸಿದ್ದು ಇದು: ಇದರಲ್ಲೂ ನನ್ನನ್ನು ಹಿಂದೆ ಹಾಕಿದ.

"ಮತ್ತ ಡಬ್ಬ್ಯಾಗ ಒಂದು ಚೀಟಿ ಇತ್ತಂತಲ್ಲ?" ಫೌಜದಾರರು ನನ್ನ ಕೈಯಿಂದ ಅದನ್ನು ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ಎರಡು ಸಲ ಓದಿದರು. "ಇದನ್ನೂ ನೀನ ಬರದಿ?"

"ಹೌದ್ರಿ."

"ಯಾರ ಕಡೆಯಿಂದನೂ ಬರಸಿಲ್ಲ?"

"ಇಲ್ರಿ. ನಂದ ಕೈ."

ಫೌಜದಾರರು ಅವನ ಮುಖ ನೋಡಿದರು, ನನ್ನ ಮುಖ ನೋಡಿದರು. ಅರ್ಜಿಯನ್ನು ಮಗುಚಿ ಅದರ ಖಾಲಿ ಬದಿಯನ್ನು ಮೇಲೆ ಮಾಡಿ ಬಿಲ್ಲಿನ ಪಕ್ಕದ ಹಲಗೆಯ ಮೇಲೆ ಇಟ್ಟರು. ಜೇಬಿನಿಂದ ಪೆನ್ಸಿಲ್ಲು ತೆಗೆದರು.

"ಹಂಗಾದ್ರ ಅವ ಎರಡು ಸಾಲು ಇಲ್ಲೆ ಬರಿ. ನಾ ಚೀಟಿ ತೋರಸೂದಿಲ್ಲ. ನೀನ ಬರದದ್ದು, ನೆನಪು ಇರಬೇಕಲ್ಲ."

ಇಮಾಮಹುಸೇನ ಪೆನ್ಸಿಲ್ಲು ತೆಗೆದುಕೊಂಡ. ಬಿಲ್ಲಿನ ತಂತಿಗೆ ಬಡಿಯುವ ಕಟ್ಟಿಗೆಯನ್ನು ಹಿಡಿಯುವಂತೆ, ಐದೂ ಬೆರಳು ಸುತ್ತಿ ಮುಷ್ಟಿಯಲ್ಲಿ ಹಿಡಿದ. ಹಲಗೆಯ ಮೇಲೆ ಬಾಗಿದ.

ತುದಿ ಕಾಗದಕ್ಕೆ ಮುಟ್ಟುವ ಮೊದಲು, ತಿರುಗಿ ನನ್ನನ್ನು ನೋಡಿದ.